ಊಟಿ "ಸ್ಟೀಮ್ ಟ್ರೇನ್ ಸೀಕ್ರೆಟ್ ಸ್ಪಾಟ್" ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ

ತಾಳವಾಡಿ, ಚಾಮರಾಜನಗರ ಕಡೆಯಿಂದ ಊಟಿಗೆ ಹೊರಟಿರೋರು ದಯವಿಟ್ಟು ಓದಿ. ಕೂನೂರು-ಊಟಿ ಮಧ್ಯೆ ಇರೋ ಕೆಟ್ಟಿ ಅನ್ನೋ ಊರ ಹತ್ರ ಟೀ ತೋಟದ ಏರಿ ಮೇಲೆ ನಿಲ್ಸಿ ಸ್ಟೀಮ್ ಟ್ರೇನ್ ತೋರಿಸ್ತೀವಿ ಅಂತ ಜೀಪಿನವರು ತಲೆಗೆ ನಾನೂರು ರೂಪಾಯಿ ಕೀಳ್ತಾರೆ. ಅಲ್ಲಿ ದಿನಾ ಓಡೋ ಗಾಡಿಗೆ ಸ್ಟೀಮ್ ಇಂಜಿನ್ ಇರೋದೇ ಇಲ್ಲ ಕಣ್ರೀ! ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಕೂನೂರುವರೆಗೆ ಸ್ಟೀಮ್, ಕೂನೂರಲ್ಲಿ ಅದನ್ನ ಬಿಚ್ಚಿ ಡೀಸೆಲ್ ಹಾಕ್ತಾರೆ, ಊಟಿವರೆಗೂ ಡೀಸೆಲ್ಲೇ. ಜೀಪ್ ಓಡಿಸ್ಕೊಂಡು ಅಲ್ಲೇ ಬದುಕೋ ಮನುಷ್ಯನಿಗೆ ಇದು ಗೊತ್ತಿಲ್ವಾ?

ದಾರೀಲಿರೋ ದಿಂಬಂ ಘಾಟೀಲಿ ರಾತ್ರಿ ಗಾಡಿ ಬಿಡಲ್ಲ ಅಂತ ಹಿಂದಿನ ದಿನಾನೇ ಇಳಿದು ಮೆಟ್ಟುಪಾಳ್ಯದಲ್ಲಿ ಉಳ್ಕೊಂಡಿದ್ವಿ. ಟ್ರೇನ್ ಟಿಕೆಟ್ ಸಿಗ್ಲಿಲ್ಲ, ಹೋಗ್ಲಿ ನೋಡಾದ್ರೂ ನೋಡೋಣ ಅಂತ ಹೀಗೆ ತೋರಿಸ್ತೀನಿ ಅಂದ ಒಬ್ಬನ ಜೀಪ್ ಬುಕ್ ಮಾಡಿದ್ದು. ನಮ್ಮಪ್ಪನಿಗೋಸ್ಕರ ಕಣ್ರೀ, ಚಾಮರಾಜನಗರಕ್ಕೆ ಮೀಟರ್ ಗೇಜ್ ಇದ್ದಾಗ ಹೊಗೆಗಾಡೀಲಿ ಮೈಸೂರಿಗೆ ಹೋಗ್ತಿದ್ದೋರು. ವಾಟ್ಸಾಪಲ್ಲಿ ಫೋಟೋ ಕಳ್ಸಿದ್ದ, ಕರೀ ಇಂಜಿನ್, ಬಿಳೀ ಹೊಗೆ, ಪಕ್ಕದಲ್ಲಿ ಬಂಡೆ. ಅದು ಕೂನೂರಿಗಿಂತ ಎಷ್ಟೋ ಕೆಳಗಿರೋ ಹಿಲ್‌ಗ್ರೋವ್ ಸ್ಟೇಷನ್ದು ಅಂತ ಆಮೇಲೆ ಗೊತ್ತಾಯ್ತು.

ಹೊಟ್ಟೆ ಉರಿಯೋದು ಏನ್ ಗೊತ್ತಾ, ಬೆಳಗ್ಗೆ 7.10ಕ್ಕೆ ಮೆಟ್ಟುಪಾಳ್ಯ ಬಿಡೋ ಟ್ರೇನು, ನಾವು ಹೊರಟಿದ್ದು ಅದರ ಹಿಂದೆನೇ. ಕೂನೂರಿಗೆ ಹತ್ತೋ ಘಾಟ್ ರಸ್ತೇಲಿ ಬರ್ಲಿಯಾರ್ ಹತ್ರ ಕಣಿವೆ ಆಚೆಯಿಂದ ಶಿಳ್ಳೆ ಕೇಳ್ತು, ಮರಗಳ ಮೇಲೆ ಹೊಗೆ ಎದ್ದಿದ್ದು ಅಪ್ಪ ಕೈ ತೋರಿಸಿ "ಅಗೋ ಅಗೋ, ನಿಲ್ಸಪ್ಪಾ" ಅಂದ್ರು. ಇವನು ಆಕ್ಸಿಲರೇಟರ್ ಒತ್ತಿ "ಇಲ್ಲಿ ಏನೂ ಕಾಣಲ್ಲ ಸಾರ್, ಮೇಲೆ ಸೂಪರ್ ವ್ಯೂ" ಅಂದ. ದುಡ್ಡು ಅಷ್ಟೊತ್ತಿಗಾಗ್ಲೇ ಫೋನ್ ಪೇ ಮಾಡಿಸ್ಕೊಂಡಿದ್ದ.

ಕೆಟ್ಟೀಲಿ ಆ ಚಳಿ ಗಾಳೀಲಿ ಅಪ್ಪ ಮಫ್ಲರ್ ಸುತ್ಕೊಂಡು ನಿಂತೇ ಇದ್ರು, ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ. ಹನ್ನೊಂದು ದಾಟಿತ್ತು. ಪೋಂ ಅಂತ ಹಾರನ್. ಶಿಳ್ಳೆ ಅಲ್ಲ, ಹಾರನ್! ನೀಲಿ ಬೋಗಿ ತಿರುವಲ್ಲಿ ಬಂತು, ಹೋಯ್ತು, ಡೀಸೆಲ್ ಇಂಜಿನ್ ಗುರ್ ಅಂತ ಇತ್ತು ಅಷ್ಟೇ. ಅಪ್ಪ ನನ್ ಮುಖ ನೋಡಿ "ಇದೇನಾ?" ಅಂದ್ರು. ಪಕ್ಕದಲ್ಲಿದ್ದ ಕೊಯಮತ್ತೂರು ಫ್ಯಾಮಿಲಿ ನಗ್ತಿತ್ತು, ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಏನಪ್ಪಾ ಇದು ಅಂತ ಕೇಳಿದ್ರೆ "ಟ್ರೈನ್ ವಂದುಚ್ಚಿಲ್ಲ ಸಾರ್?" (ಟ್ರೇನ್ ಬಂತಲ್ವಾ) ಅಂತ ನನ್ನನ್ನೇ ಕೇಳ್ತಾನೆ! ಸ್ಟೀಮ್ ಎಲ್ಲಿ ಅಂದ್ರೆ "ಯುನೆಸ್ಕೋ ಟ್ರೇನ್ ಇದೇ ಸಾರ್". ಹೌದು, 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಅದಕ್ಕೂ ಹೊಗೆಗೂ ಏನ್ ಸಂಬಂಧ? ದುಡ್ಡು ವಾಪಸ್ ಕೊಡು ಅಂದ್ರೆ "ನೀವು ಕೊಟ್ಟಿದ್ದು ಜಾಗಕ್ಕೆ ಸಾರ್, ಇಂಜಿನ್‌ಗಲ್ಲ." ಅದೂ ಸಾಲದು ಅಂತ, ಮಧ್ಯಾಹ್ನ ಕೂನೂರಿಂದ ಸ್ಟೀಮ್ ಇಳಿಯುತ್ತೆ ತೋರಿಸ್ತೀನಿ, ಅದಕ್ಕೆ ಬೇರೆ ರೇಟ್ ಅಂತೆ! ಅಂದ್ರೆ ಎಲ್ಲಾ ಗೊತ್ತಿತ್ತು ಬಡ್ಡೀಮಗನಿಗೆ. ರಾತ್ರಿ ಮೆಸೇಜ್ ಹಾಕಿದ್ರೆ ಕೈಮುಗಿಯೋ ಇಮೋಜಿ, ಆಮೇಲೆ ಬ್ಲಾಕ್.

ನೋಡ್ಬೇಕು ಅಂದ್ರೆ ಕೂನೂರಿಗಿಂತ ಕೆಳಗೇ ನೋಡಿ. ಬೆಟ್ಟದ ಬುಡದ ಕಲ್ಲಾರ್ ಸ್ಟೇಷನ್ನಿಂದ ಕೂನೂರುವರೆಗೆ ಹಳಿ ಮಧ್ಯೆ ಹಲ್ಲಿನ ಪಟ್ಟಿ ಇರುತ್ತೆ, ಹನ್ನೆರಡು ಅಡಿಗೆ ಒಂದಡಿ ಏರು, ಅದನ್ನ ಕಚ್ಕೊಂಡು ಹತ್ತೋಕೇ ಆ ಸ್ಟೀಮ್ ಇಂಜಿನ್ ಇರೋದು. ಹತ್ತುವಾಗ ಇಂಜಿನ್ ಹಿಂದಿಂದ ತಳ್ಳುತ್ತೆ, ಬೋಗಿ ಮೊದ್ಲು ಬರ್ತವೆ, ಇಂಜಿನ್ ಕಾಣ್ಲಿಲ್ಲ ಅಂತ ಫೋನ್ ಇಳಿಸ್ಬೇಡಿ. ಇಳಿಯುವಾಗ ಇಂಜಿನ್ ಮುಂದೆ. ವಯಸ್ಸಾದೋರು ಜೊತೆಗಿದ್ರೆ ಸುಮ್ನೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಕೂನೂರು ಸ್ಟೇಷನ್ನಲ್ಲೇ ನಿಂತ್ಕೊಳ್ಳಿ, ಇಂಜಿನ್ ಬಿಚ್ಚೋದು, ಶೆಡ್ಡು ಎಲ್ಲಾ ಅಲ್ಲೇ ಕಾಣುತ್ತೆ, ಯಾವ ಜೀಪೂ ಬೇಡ. ಹಳಿ ಮೇಲೆ ಇಳಿಸ್ತೀನಿ ಅಂದ್ರೆ ಹೋಗ್ಬೇಡಿ, ಕೇಸ್ ಹಾಕ್ತಾರೆ, ಕೆಳಗಿನ ಕಾಡಲ್ಲಿ ಆನೆ ಬೇರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಟ್ರೇನೇ ಕ್ಯಾನ್ಸಲ್ ಆಗಿರುತ್ತೆ, ಸ್ಟೇಷನ್‌ಗೆ ಕೇಳಿ ಹೊರಡಿ.

ಅವನ ನಂಬರ್ ಇಲ್ಲಿ ಹಾಕಲ್ಲ. ಈ ವಾರ ಯಾರಾದ್ರೂ ಜೀಪ್ ಬುಕ್ ಮಾಡಿದ್ರೆ, ಸ್ಪಾಟ್ ಕೂನೂರಿಗಿಂತ ಮೇಲಾ ಕೆಳಗಾ ಅಂತ ಒಂದೇ ಪ್ರಶ್ನೆ ಕೇಳಿ, "ಮೇಲೆ ಸೂಪರ್ ವ್ಯೂ" ಅಂದ್ರೆ ಅಲ್ಲೇ ಫೋನ್ ಇಡಿ.