ಒಂದು ಫೈನಲ್, ಮೂರು ಪರದೆ: ನನ್ನ ಓಟು ಫ್ರೀ ಡಿಶ್‌ಗೆ

2022ರ ಡಿಸೆಂಬರ್ 18ರ ರಾತ್ರಿ ಅರ್ಜೆಂಟೀನಾ–ಫ್ರಾನ್ಸ್ ವಿಶ್ವಕಪ್ ಫೈನಲ್ಲನ್ನು ಮೂರು ಕಡೆ ಹುಡುಕಾಡಿ ನೋಡಿದವನು ನಾನು. ಅವತ್ತಿನಿಂದ ಡಿಡಿ ಫ್ರೀ ಡಿಶ್ ಪಕ್ಷ; ಅದು ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ್ದೇ ಡಿಶ್ ಸೇವೆ.

ಮನೆಯಲ್ಲಿ ಕೇಬಲ್ ಇತ್ತು, ಸ್ಪೋರ್ಟ್ಸ್ ಪ್ಯಾಕ್ ಇರಲಿಲ್ಲ. ಫೈನಲ್ ಹೇಗೂ ದೂರದರ್ಶನದಲ್ಲಿ ಬರುತ್ತಲ್ಲ ಅಂತ ಧೈರ್ಯ. ಎಂಟೂವರೆಗೆ ಡಿಡಿ ಸ್ಪೋರ್ಟ್ಸ್ ಹಾಕಿದರೆ ಬೇರೇನೋ ಬರ್ತಿದೆ! ಕೇಬಲ್‌ನವನಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಬರಲ್ಲ ಸಾರ್, ಮೇಲಿಂದಾನೇ ಹಂಗೆ" ಅಂದ. ಬೈದು ಇಟ್ಟೆ.

ಪಾಪ, ಅವನು ಹೇಳಿದ್ದು ನಿಜ. ಹಕ್ಕು ಯಾರೇ ಕೊಂಡಿರಲಿ, ಸರ್ಕಾರ ರಾಷ್ಟ್ರೀಯ ಮಹತ್ವದ್ದೆಂದು ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲ್ಲನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು ಅನ್ನುತ್ತದೆ 2007ರ ಕಾಯ್ದೆ. ಫುಟ್‌ಬಾಲ್ ವಿಶ್ವಕಪ್ ಫೈನಲ್ ಆ ಪಟ್ಟಿಯಲ್ಲಿದೆ. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಟವರ್‌ಗೆ, ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೋಟಿ ಸುರಿದು ಹಕ್ಕು ಕೊಂಡವರ ಕಡೆಯಿಂದ ನೋಡಿದರೆ ನ್ಯಾಯವೇ. ನನ್ನ ಕಡೆಯಿಂದ? ತಿಂಗಳು ತಿಂಗಳು ದುಡ್ಡು ಕಟ್ಟುವವನಿಗೆ ಮ್ಯಾಚ್ ಇಲ್ಲ, ಫ್ರೀ ಡಿಶ್ ಇಟ್ಟುಕೊಂಡು ಒಂದು ಪೈಸೆ ಕಟ್ಟದ ಮಹಡಿ ಮನೆ ತಾತನಿಗೆ ಇದೆ.

ಇನ್ನು ಮೊಬೈಲ್ ಆ್ಯಪ್. ಪುಕ್ಕಟೆ, 64 ಪಂದ್ಯವೂ ಇತ್ತು, ಲೀಗ್ ಹಂತವೆಲ್ಲ ಅದರಲ್ಲೇ ನೋಡಿದ್ದೆ. ಆದರೆ ನಮ್ಮನೆ ಇರೋದು ಬೆಂಗಳೂರಿನ ಗೌತಮಪುರದ ಪಕ್ಕ; ಪೆಲೆ ಪ್ರತಿಮೆ ನಿಲ್ಲಿಸಿಕೊಂಡ ಏರಿಯಾ ಅದು. ಫೈನಲ್ ದಿನ ಅಲ್ಲಿ ಯಾರೂ ಪಿಸುಮಾತಲ್ಲಿ ಮ್ಯಾಚ್ ನೋಡಲ್ಲ. ನನ್ನ ಫೋನ್ ಬೀದಿಗಿಂತ ಅರ್ಧ ನಿಮಿಷ ಹಿಂದೆ. ಫ್ರಾನ್ಸ್‌ನ ಎಂಬಾಪೆ ಪೆನಾಲ್ಟಿ ಹೊಡೆದದ್ದು 80ನೇ ನಿಮಿಷ, ಮತ್ತೊಂದು ಗೋಲು ಒಂದೂವರೆ ನಿಮಿಷದಲ್ಲೇ. ಮೊದಲನೆಯದರ ಗುಂಗಿನಿಂದ ನಾನಿನ್ನೂ ಹೊರಬಂದಿಲ್ಲ, ಹೊರಗೆ ಮತ್ತೆ 'ಹೋ' ಅಂತ ಕೂಗು. ಚೆಂಡು ನೆಲ ಮುಟ್ಟುವ ಮುಂಚೆಯೇ ಬಾರಿಸಿದ ಅಂಥ ವಾಲಿ ಹೊಡೆತವನ್ನು, ಏನಾಗುತ್ತೆ ಅಂತ ಗೊತ್ತಿದ್ದೂ ನೋಡೋದು ಎಂಥ ಕರ್ಮ!

ಫೋನ್ ಜೇಬಿಗಿಟ್ಟು ಮಹಡಿ ಹತ್ತಿದೆ. ತಾತನ ಟಿವಿ ಹಳೇದು, ಚೆಂಡು ದೂರ ಹೋದರೆ ಮಸುಕು. ಆದರೂ ಎಕ್ಸ್‌ಟ್ರಾ ಟೈಮ್‌ನಿಂದ ಶೂಟೌಟ್‌ನ 4-2ರವರೆಗೆ ನಾವು, ಬೀದಿ ಒಟ್ಟಿಗೇ ಕೂಗಿದೆವು.

ಸ್ಪೋರ್ಟ್ಸ್ ಪ್ಯಾಕ್ ಹಾಕಿಸಿದ್ದರೆ ಇದ್ಯಾವ ರಗಳೆಯೂ ಇರುತ್ತಿರಲಿಲ್ಲ, ಒಪ್ಪುತ್ತೇನೆ. ವರ್ಷಕ್ಕೆ ನಾಲ್ಕು ಮ್ಯಾಚ್ ನೋಡುವವನು ನಾನು. ತಿಂಗಳ ಬಾಡಿಗೆ ಮನಸ್ಸಿಗೆ ಬರಲ್ಲ. ಫ್ರೀ ಡಿಶ್‌ನಲ್ಲಿ ಎಲ್ಲ ಪಂದ್ಯ ಸಿಗಲ್ಲ, ಅದಕ್ಕೆ ಆ್ಯಪ್ ಇರಲಿ. ಜನವರಿಯಲ್ಲಿ ಡಿಶ್, ಬಾಕ್ಸ್ ಹಾಕಿಸಿದೆ, ಎರಡು ಸಾವಿರದೊಳಗೆ ಮುಗೀತು. ಕೇಬಲ್ ಮಾತ್ರ ಇನ್ನೂ ತೆಗೆಸಿಲ್ಲ. ಅಮ್ಮನ ಧಾರಾವಾಹಿ ಅದರಲ್ಲಿದೆ.