ಸೇಲ್ಸ್ ನ್ಯಾವಿಗೇಟರ್: ಅಮೆರಿಕದಲ್ಲಿ ಸೇಲ್ಸ್ ಹಿಡಿಯುವ ಎಂಜಿನಿಯರಿಗೆ ಎಷ್ಟು ಉಪಯೋಗ?

ಅಮೆರಿಕದ ಟೆಕ್ ಸೇಲ್ಸಿನಲ್ಲಿ ಮೇಲೆ ಹೋಗಲು ಕೋಟಾ, ಅಂದರೆ ಕಂಪನಿ ಕೊಟ್ಟ ಮಾರಾಟದ ಗುರಿ, ಮುಟ್ಟಿಸಿದರಷ್ಟೇ ಸಾಲದು, ಮೇಲಿನವರ ಪರಿಚಯವೂ ಬೇಕು. ಅಲ್ಲೇ ಓದಿದವರಿಗೆ ಅದು ಕಾಲೇಜಿನಿಂದಲೇ ಬಂದಿರುತ್ತದೆ. ಮೂವತ್ತರ ಹೊತ್ತಿಗೆ ವಿಮಾನ ಇಳಿದವರು ಹುಡುಕಿಕೊಳ್ಳಬೇಕು. ಲಿಂಕ್ಡ್‌ಇನ್‌ನಲ್ಲಿ ಜನರನ್ನು ಜರಡಿ ಹಿಡಿದು ಹುಡುಕುವ ಚಂದಾ ಸೇವೆ ಸೇಲ್ಸ್ ನ್ಯಾವಿಗೇಟರ್ ಗಿರಾಕಿ ಹುಡುಕಲೆಂದು ಮಾಡಿದ್ದಾದರೂ ಈ ಕೆಲಸಕ್ಕೂ ಚೆನ್ನಾಗಿ ಒದಗುತ್ತದೆ. ಎಲ್ಲಕ್ಕಿಂತ ಕೆಳಗಿನ ಕೋರ್ ಪ್ಲಾನ್ ಸಾಕು. ಅದಕ್ಕಿಂತ ದುಬಾರಿ ಪ್ಲಾನ್ ಸ್ವಂತ ದುಡ್ಡಿನಲ್ಲಿ ಬೇಡ.

ಹುಡುಕಾಟದಲ್ಲಿ ಮೊದಲು ಎಡವುವುದು ಹುದ್ದೆಯ ಹೆಸರಿನಲ್ಲಿ. ನಮ್ಮೂರಲ್ಲಿ ಸೇಲ್ಸ್ ಎಕ್ಸಿಕ್ಯುಟಿವ್ ಅಂದರೆ ಬ್ಯಾಗ್ ಹಿಡಿದು ಅಂಗಡಿ ಸುತ್ತುವ ಹುಡುಗ. ಅಲ್ಲಿ ಅಕೌಂಟ್ ಎಕ್ಸಿಕ್ಯುಟಿವ್ ಅಂದರೂ ದೊಡ್ಡ ಸಾಹೇಬರೇನಲ್ಲ, ಕೋಟಾ ಹೊತ್ತು ಡೀಲ್ ಮುಗಿಸುವವರು. ನಿಜವಾದ ಅಧಿಕಾರ ಡೈರೆಕ್ಟರ್, ವಿಪಿ (ವೈಸ್ ಪ್ರೆಸಿಡೆಂಟ್)ಗಳದ್ದು. ಆದರೆ ಬರೀ ವಿಪಿ ಅಂತ ಫಿಲ್ಟರ್ ಹಾಕಿದರೆ ಬ್ಯಾಂಕಿನವರೇ ಸಾಲಾಗಿ ಬರುತ್ತಾರೆ. ಬ್ಯಾಂಕುಗಳಲ್ಲಿ ಮಧ್ಯಮ ಮಟ್ಟದವರಿಗೂ ಆ ಹೆಸರಿದೆ. ಹಾಗಾಗಿ ಫಂಕ್ಷನ್ (ಕೆಲಸದ ವಿಭಾಗ) ಸೇಲ್ಸ್, ಇಂಡಸ್ಟ್ರಿ ಸಾಫ್ಟ್‌ವೇರ್, ಊರು, ಇಷ್ಟನ್ನೂ ಒಟ್ಟಿಗೆ ಹಾಕಿ. ಎಷ್ಟೇ ಸಿಕ್ಕರೂ ತೋರಿಸುವುದು 2,500 ಹೆಸರು ಮಾತ್ರ. ಇನ್ನೂರಕ್ಕಿಂತ ಕಡಿಮೆ ಆಗುವವರೆಗೆ ಜರಡಿ ಹಿಡಿಯಿರಿ.

ಆಮೇಲೆ ಕಳೆದ 90 ದಿನದಲ್ಲಿ ಕೆಲಸ ಬದಲಿಸಿದವರ ಫಿಲ್ಟರ್. ಕೊಟ್ಟ ದುಡ್ಡಿಗೆ ಇದೊಂದೇ ಸಾಕು. ಹೊಸದಾಗಿ ಬಂದ ವಿಪಿ ತನ್ನ ತಂಡ ಕಟ್ಟುತ್ತಿರುತ್ತಾರೆ, ಆಗ ಹೊಸಬರ ಮಾತಿಗೂ ಕಿವಿ ಕೊಡುತ್ತಾರೆ. ಆರು ತಿಂಗಳ ನಂತರ ಅದೇ ವ್ಯಕ್ತಿಗೆ ಪುರುಸೊತ್ತಿರುವುದಿಲ್ಲ.

ಕರ್ನಾಟಕದವರು ಕಾಲೇಜು ಫಿಲ್ಟರನ್ನು ಅರ್ಧಂಬರ್ಧ ಬಳಸಿ ಯಾರೂ ಸಿಗಲಿಲ್ಲ ಅನ್ನುತ್ತಾರೆ. ವಿಟಿಯು ಶುರುವಾದದ್ದೇ 1998ರಲ್ಲಿ. ಈಗ ಮೇಲಿನ ಕುರ್ಚಿಯಲ್ಲಿರುವ ಅನೇಕರು ಅದಕ್ಕೂ ಮೊದಲಿನವರು. ಅವರ ಪ್ರೊಫೈಲಿನಲ್ಲಿ ಬೆಂಗಳೂರು, ಮೈಸೂರಿನಂಥ ಹಳೆಯ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಸುರತ್ಕಲ್‌ನವರು 2002ರವರೆಗೆ ಕೆಆರ್‌ಇಸಿ, ಆಮೇಲೆ ಎನ್‌ಐಟಿಕೆ. ಕಿರಿಯರಲ್ಲೂ ಕೆಲವರು ವಿಟಿಯು ಬರೆದರೆ ಕೆಲವರು ಕಾಲೇಜಿನ ಹೆಸರು ಮಾತ್ರ ಹಾಕಿರುತ್ತಾರೆ. ಎಲ್ಲವನ್ನೂ ಒಂದೇ ಫಿಲ್ಟರಿನಲ್ಲಿ ಸೇರಿಸಿ, ಅಲ್ಲಿ ಯಾವುದಾದರೊಂದು ಹೊಂದಿದರೂ ಸಾಕು.

ಪರಿಚಯವಿಲ್ಲದವರಿಗೂ ನೇರ ಸಂದೇಶ ಕಳಿಸುವ ಇನ್‌ಮೇಲ್‌ಗೆ ಹೆಸರು ದೊಡ್ಡದು, ಕೆಲಸ ಅಷ್ಟಿಲ್ಲ. ತಿಂಗಳಿಗೆ 50 ಕೊಡುತ್ತಾರೆ, ಉಳಿದದ್ದು 150ರವರೆಗೆ ಕೂಡುತ್ತದೆ, 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್. ಒಂದೇ ಒಕ್ಕಣೆಯನ್ನು ಐವತ್ತು ಮಂದಿಗೆ ಹೊಡೆದರೆ ಐವತ್ತೂ ನೀರುಪಾಲು. ಅಕ್ಷರಮಿತಿ 1,900 ಇದೆ ಅಂತ ಜೀವನಚರಿತ್ರೆ ಬರೆಯಬೇಡಿ. ಊರಿನವರಿಗಾದರೆ ಇಷ್ಟು ಸಾಕು: "ನಮಸ್ಕಾರ ಸರ್, ನಾನೂ ಸುರತ್ಕಲ್, 2012ರ ಬ್ಯಾಚು. ಈಗ ಸೊಲ್ಯೂಷನ್ಸ್ ಎಂಜಿನಿಯರ್, ಕೋಟಾ ಇರುವ ಕೆಲಸಕ್ಕೆ ಬರಬೇಕೆಂದಿದ್ದೇನೆ. ನೀವು ಸೇಲ್ಸಿಗೆ ಬದಲಾಯಿಸಿಕೊಂಡ ಮೊದಲ ವರ್ಷದ ಬಗ್ಗೆ ಹತ್ತು ನಿಮಿಷ ಕೇಳಬಹುದೇ?" ಕೆಲಸ ಕೊಡಿಸಿ ಅಂತ ಮೊದಲ ಸಾಲಿನಲ್ಲೇ ಕೇಳಿದರೆ ಅಲ್ಲಿಗೇ ಮುಗಿಯಿತು.

ಎಚ್-1ಬಿ ಮೇಲಿರುವವರು ದುಡ್ಡು ಕಟ್ಟುವ ಮೊದಲು ವಕೀಲರನ್ನು ಕೇಳಿ. ಆ ವೀಸಾಕ್ಕೆ ನಿರ್ದಿಷ್ಟ ವಿಷಯದ ಪದವಿ ಬೇಕಾಗುವ ಹುದ್ದೆಯೇ ಆಗಬೇಕು. ಬರೀ ಮಾರಾಟದ ಹುದ್ದೆಯನ್ನು ಹಾಗೆ ತೋರಿಸುವುದು ಕಷ್ಟ, ಮಾರಾಟದಲ್ಲಿ ತಾಂತ್ರಿಕ ವಿವರ ನೋಡಿಕೊಳ್ಳುವ ಸೇಲ್ಸ್ ಎಂಜಿನಿಯರ್ ಆದರೆ ಸುಲಭ. ಅದಕ್ಕೇ ಹಲವರು ಗ್ರೀನ್ ಕಾರ್ಡ್ ಬರುವ ತನಕ ಆ ಮೆಟ್ಟಿಲಲ್ಲೇ ನಿಲ್ಲುತ್ತಾರೆ.

ಇಮೇಲ್, ಫೋನ್ ನಂಬರ್ ಇದರಲ್ಲಿ ಸಿಗುವುದಿಲ್ಲ. ಲಿಸ್ಟನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವ ಗುಂಡಿಯೂ ಇಲ್ಲ, ಚಂದಾ ನಿಂತರೆ ಲಿಸ್ಟ್ ತೆರೆಯುವುದಿಲ್ಲ. ಉಚಿತ ಟ್ರಯಲ್ ಸಿಕ್ಕರೆ ಕಾಲೇಜು, ಕಂಪನಿಗಳ ಪಟ್ಟಿ ಮೊದಲೇ ಬರೆದಿಟ್ಟುಕೊಂಡು ಶುರುಮಾಡಿ, ದಿನಕ್ಕೆ ಹತ್ತು ಹೆಸರನ್ನು ಸ್ವಂತ ಶೀಟಿಗೆ ಏರಿಸಿ. ಮುಗಿಯುವ ಎರಡು ದಿನ ಮುಂಚೆ ಕ್ಯಾನ್ಸಲ್ ಮಾಡಲು ಅಲಾರಂ ಇಡಿ, ಮರೆತರೆ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತದೆ.