ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್: ಎರಡು ಮಳೆಗಾಲ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಮೊದಲ ತಿಂಗಳಲ್ಲೇ ಬರೆದಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಫ್ಲೆಕ್ಸ್ ಡಿಸೈನ್, ಸಕಲೇಶಪುರ ಕಡೆಯವರ ಕಾಫಿ ಪುಡಿ ಪ್ಯಾಕೆಟ್‌ಗೆ ಲೇಬಲ್, ಹೀಗೆ. ದೊಡ್ಡ ಫೋಟೋ ಫೈಲ್ ತೆರೆದರೆ ಸಿಸ್ಟಮ್ ತೆವಳುತ್ತಿತ್ತು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಕಾರ್ಡ್‌ನಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸುವ ಹೊಸ ಡಿಜಿಟಲ್ ಕಿಂಡಿಗಳಾದ ಎಚ್‌ಡಿಎಂಐ ಇದೆ, ಡಿಸ್‌ಪ್ಲೇಪೋರ್ಟ್ ಇದೆ, ಹಳೇ ಅನಲಾಗ್ ಕಿಂಡಿ ವಿಜಿಎ ಇಲ್ಲ. ನನ್ನ ಹಳೇ 19 ಇಂಚಿನ ಚೌಕ ಮಾನಿಟರ್‌ನಲ್ಲಿ ಇರುವುದು ವಿಜಿಎ ಒಂದೇ. ಮೊದಲೆಲ್ಲ ಕಾರ್ಡ್‌ನಲ್ಲಿ ಡಿವಿಐ ಅನ್ನುವ ಇನ್ನೊಂದು ಕಿಂಡಿ ಇರುತ್ತಿತ್ತು, ಅದಕ್ಕೆ ಒಂದು ಸಣ್ಣ ಅಡಾಪ್ಟರ್ ಸಿಕ್ಕಿಸಿದರೆ ವಿಜಿಎ ಆಗುತ್ತಿತ್ತು. 2016ರಲ್ಲಿ ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 1080 ಕಾರ್ಡ್ ಬಂದಾಗಿಂದ ಆ ಡಿವಿಐನಲ್ಲೂ ವಿಜಿಎಗೆ ಬೇಕಾದ ಅನಲಾಗ್ ಪಿನ್ ತೆಗೆದುಬಿಟ್ಟರು, ಹಾಗಾಗಿ ಆ ಹಳೇ ಉಪಾಯ ನಡೆಯುವುದಿಲ್ಲ. ಮಾನಿಟರ್ ಬದಲಿಸುವ ದುಡ್ಡು ಕಾರ್ಡ್‌ಗೇ ಹೋಗಿತ್ತು. ಹೆಸರೇ ಇಲ್ಲದ ಈ ಕರಿ ಕನ್ವರ್ಟರ್ ತಂದೆ, ಬೆಲೆ 350 ರೂಪಾಯಿ. ಪಕ್ಕದಲ್ಲಿ ಮೈಕ್ರೋ ಯುಎಸ್‌ಬಿ ತೂತು, ಸ್ಪೀಕರ್‌ಗೊಂದು ತೂತು, ಜೊತೆಗೊಂದು ಮೋಟು ವೈರ್.

ಹಾಕಿದ ದಿನ ಎಲ್ಲ ಸರಿ ಇತ್ತು. ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಸ್ವಿಚ್ ಹಾಕಿದರೆ ಕಂಪನಿಯ ಲೋಗೋ ಸರಿಯಾದ ಬಣ್ಣದಲ್ಲೇ ಬಂತು, ಆಮೇಲೆ ವಿಂಡೋಸ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಇಡೀ ಸ್ಕ್ರೀನ್ ಹಸಿರು, ನೇರಳೆ. ಬಿಳಿ ಇರಬೇಕಾದ ಕಡೆ ತಿಳಿಹಸಿರು, ಕಪ್ಪು ಇರಬೇಕಾದ ಕಡೆ ನೇರಳೆ. ಒಂದು ಕಾಫಿ ಲೇಬಲ್ ತೆರೆದರೆ ಕಂದು ಬಣ್ಣ ಹೋಗಿ ಬದನೆಕಾಯಿ ಬಣ್ಣ ಬಂದಿತ್ತು. ವಿಚಿತ್ರ ಅಂದರೆ ಮದುವೆ ಪತ್ರಿಕೆಯ ಕುಂಕುಮದ ಕೆಂಪು ಮಾತ್ರ ಹೆಚ್ಚು ಕೆಟ್ಟಿರಲಿಲ್ಲ, ಬೂದು ಬಣ್ಣವೂ ಬೂದಾಗಿಯೇ ಇತ್ತು.

ಕಾರ್ಡ್ ಹಾಕಿದ ಹುಡುಗನನ್ನು ಕರೆದೆ. ನೋಡಿದವನೇ "ಅಣ್ಣ, ಕಾರ್ಡ್ ಹೋಗಿದೆ, ಬಿಚ್ಚಿ ಕೊಡಿ, ಬೆಂಗಳೂರಿಗೆ ಕಳಿಸ್ಬೇಕು" ಅಂದ. ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆಯುವ ಸಮಯ ಅದು, ಊರೆಲ್ಲ ಸ್ವಾಗತದ ಬ್ಯಾನರ್ ಕೇಳುವ ವಾರ, ಕಾರ್ಡ್ ಕಳಿಸಿ ಕೂತರೆ ಆಯ್ತು ಕಥೆ. ನಾನು ಕೊಡಲಿಲ್ಲ. ಕಾರ್ಡ್ ಸತ್ತಿದ್ದರೆ ಲೋಗೋ ಬರುವಾಗಲೂ ಬಣ್ಣ ಕೆಡಬೇಕಿತ್ತು ಅಲ್ವಾ?

ಈ ತೊಂದರೆ ಬಂದವರು ಮೊದಲು ನೋಡಬೇಕಾದ್ದು ಅದನ್ನೇ, ಬಣ್ಣ ಯಾವ ಹೊತ್ತಿಗೆ ಕೆಡುತ್ತದೆ ಅನ್ನುವುದನ್ನು. ಆನ್ ಮಾಡಿದ ತಕ್ಷಣ ಲೋಗೋದಲ್ಲೇ ಕೆಟ್ಟಿದ್ದರೆ ಕೇಬಲ್, ಪಿನ್, ಕನ್ವರ್ಟರ್, ಮಾನಿಟರ್ ಇಲ್ಲವೇ ಕಾರ್ಡ್ ಕಡೆ ಹುಡುಕಿ. ವಿಂಡೋಸ್ ಬಂದ ಮೇಲೆ ಕೆಟ್ಟರೆ ಡ್ರೈವರ್ ಕಡೆ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಕಡೆ ನೋಡಿ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಮಾನಿಟರ್‌ನ ಸ್ವಂತ ಮೆನು ಬಟನ್ ಒತ್ತಿ. ಆ ಮೆನುವನ್ನು ಮಾನಿಟರೇ ಬರೆಯುತ್ತದೆ, ಕಂಪ್ಯೂಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದರ ಬಣ್ಣ ಸರಿ ಇದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಮಾನಿಟರ್ ಪ್ಯಾನೆಲ್ ಚೆನ್ನಾಗಿದೆ ಅಂತ ಅರ್ಥ. ಸ್ಕ್ರೀನ್‌ಶಾಟ್ ತೆಗೆದು ಫೋನ್‌ಗೆ ಕಳಿಸಿಯೂ ನೋಡಿದೆ, ಫೋನ್‌ನಲ್ಲಿ ಬಣ್ಣ ಸರಿಯಾಗೇ ಇತ್ತು. ಅಂದರೆ ಕಾರ್ಡ್ ಒಳಗೆ ತಯಾರಾದ ಚಿತ್ರ ಸರಿ, ಹೊರಗೆ ಕಳಿಸುವ ದಾರಿಯಲ್ಲಿ ಏನೋ ಆಗುತ್ತಿದೆ. (ಸ್ಕ್ರೀನ್ ಬರೀ ಕೇಸರಿ ಆಗಿದ್ದರೆ ಇಷ್ಟೆಲ್ಲ ಬೇಡ, ವಿಂಡೋಸ್‌ನ ನೈಟ್ ಲೈಟ್ ಆನ್ ಇದೆಯಾ ನೋಡಿ ಸಾಕು.)

ಆಗುತ್ತಿದ್ದದ್ದು ಇದು. ಎಚ್‌ಡಿಎಂಐನಲ್ಲಿ ಚಿತ್ರ ಎರಡು ಥರ ಹೋಗಬಹುದು. ಒಂದು ಆರ್‌ಜಿಬಿ, ಕೆಂಪು ಹಸಿರು ನೀಲಿ ನೇರವಾಗಿ. ಇನ್ನೊಂದು ಟಿವಿಯವರ ಪದ್ಧತಿ, ವೈಸಿಬಿಸಿಆರ್. ಅದರಲ್ಲಿ ಬೆಳಕಿನ ಪ್ರಮಾಣ ಒಂದು ಕಡೆ, ನೀಲಿಯ ವ್ಯತ್ಯಾಸ ಒಂದು ಕಡೆ, ಕೆಂಪಿನ ವ್ಯತ್ಯಾಸ ಒಂದು ಕಡೆ. ಬೆಳಕಿನ ಲೆಕ್ಕ ಹಸಿರಿನ ಚಾನೆಲ್‌ನಲ್ಲಿ ಹೋಗುತ್ತದೆ, ಉಳಿದೆರಡು ನೀಲಿ ಮತ್ತು ಕೆಂಪಿನ ಚಾನೆಲ್‌ನಲ್ಲಿ. ಬಣ್ಣ ಇಲ್ಲದ ಕಡೆ ಆ ಎರಡೂ 0ಯಿಂದ 255ರ ಅಳತೆಯ ಮಧ್ಯದಲ್ಲಿ, 128ರಲ್ಲಿ ನಿಂತಿರುತ್ತವೆ. ಆ ಕಡೆ ಕೂತ ಕನ್ವರ್ಟರ್ ಇದನ್ನೇ ಆರ್‌ಜಿಬಿ ಅಂತ ಓದಿಕೊಂಡರೆ ಬಿಳಿಯಲ್ಲಿ ಹಸಿರು ಪೂರ್ತಿ, ಕೆಂಪು ನೀಲಿ ಅರ್ಧ, ಅದು ತಿಳಿಹಸಿರು. ಕಪ್ಪಿನಲ್ಲಿ ಹಸಿರು ಇಲ್ಲವೇ ಇಲ್ಲ ಅನ್ನುವಷ್ಟು, ಕೆಂಪು ನೀಲಿ ಅರ್ಧ, ಅದು ನೇರಳೆ. ನಡುಮಟ್ಟದ ಬೂದಿನಲ್ಲಿ ಮೂರೂ ಹೆಚ್ಚು ಕಡಿಮೆ ಸಮ, ಹಾಗಾಗಿ ಆ ಬೂದು ಬೂದೇ. ಬಿಳಿ ಹಸಿರಾಗಿ ಕಪ್ಪು ನೇರಳೆಯಾಗಿದೆ ಅಂದರೆ ಕಾರ್ಡ್ ಸತ್ತಿದೆ ಅನ್ನುವ ಮೆಕ್ಯಾನಿಕ್ ಮಾತು ನಂಬುವ ಮೊದಲು ಇದನ್ನೊಮ್ಮೆ ನೋಡಿ.

ಕಾರ್ಡ್ ಯಾಕೆ ಟಿವಿ ಪದ್ಧತಿ ಹಿಡಿಯಿತು? ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳಲು ಇಡಿಐಡಿ ಅಂತ ಒಂದು ಸಣ್ಣ ಮಾಹಿತಿ ಇಟ್ಟುಕೊಂಡಿರುತ್ತದೆ, ಮೂಲತಃ 128 ಬೈಟ್, ಅಷ್ಟೇ. ನಾನು ಎಂಥ ಸ್ಕ್ರೀನ್, ನನ್ನ ರೆಸಲ್ಯೂಷನ್ ಎಷ್ಟು ಅನ್ನುವುದೆಲ್ಲ ಅದರಲ್ಲಿದೆ. ಕನ್ವರ್ಟರ್ ಅದನ್ನು ಕಾರ್ಡ್‌ಗೆ ದಾಟಿಸಬೇಕು. ನನ್ನ ಮಾನಿಟರ್ ಮುದುಕ, ಬೆಳಗ್ಗೆ ಯುಪಿಎಸ್ ಆನ್ ಮಾಡಿದಾಗ ಸಿಪಿಯು ಜೊತೆ ಓಡಿ ಬರುವುದಿಲ್ಲ. ಮಾನಿಟರ್ ಉತ್ತರ ಕೊಡದೆ ಇದ್ದಾಗ ಈ ಕನ್ವರ್ಟರ್ ಸುಮ್ನೆ ಇರದೆ ತನ್ನೊಳಗೇ ಇರುವ ಯಾವುದೋ ಟಿವಿಯ ಪರಿಚಯ ಕೊಡುತ್ತದೆ. ರೆಸಲ್ಯೂಷನ್ 1280×1024 ಹೋಗಿ 1920×1080 ಆಗಿ, ಮದುಮಗಳ ಮುಖ ಉದ್ದ ಆಗಿದ್ದೂ ಅದಕ್ಕೇ. ಟಿವಿ ಅಂತ ನಂಬಿದ ಡ್ರೈವರ್ ಟಿವಿಯ ಬಣ್ಣವನ್ನೇ ಕಳಿಸಿತು. ಪಾಪ, ಡ್ರೈವರ್ ತಪ್ಪಿಲ್ಲ, ಸುಳ್ಳು ಹೇಳಿದ್ದು ಇದು.

ಇನ್ನೊಂದು ತಲೆನೋವು ಏನೆಂದರೆ ರೀಸ್ಟಾರ್ಟ್ ಮಾಡಿದರೆ ಬಣ್ಣ ಸರಿ ಹೋಗುತ್ತಿತ್ತು, ಶಟ್‌ಡೌನ್ ಮಾಡಿ ಬೆಳಗ್ಗೆ ಆನ್ ಮಾಡಿದರೆ ಮತ್ತೆ ಅದೇ. ಇದಕ್ಕೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಪಾಲುದಾರ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ, ವಿಂಡೋಸ್ ತನ್ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಮೊದಲಿಂದ ಶುರು. ಹಾರ್ಡ್‌ವೇರ್ ಬದಲಿಸಿದವರು ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡಿ. ಎಸ್‌ಎಸ್‌ಡಿ ಇದ್ದರೆ ಆನ್ ಆಗುವ ವೇಗದಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಣ್ಣ ಸರಿ ಮಾಡಿದ್ದು ಹೀಗೆ: ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಷನ್ ಪುಟ, ಕೆಳಗೆ ಔಟ್‌ಪುಟ್ ಕಲರ್ ಫಾರ್ಮ್ಯಾಟ್ ಅಂತ ಇದೆ, ಅಲ್ಲಿ ಆರ್‌ಜಿಬಿ ಆರಿಸಿ. ಪಕ್ಕದಲ್ಲೇ ಔಟ್‌ಪುಟ್ ಡೈನಾಮಿಕ್ ರೇಂಜ್ ಇದೆ, ಅದನ್ನು ಫುಲ್ ಮಾಡಿ. ಟಿವಿ ಪದ್ಧತಿಯಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಪದ್ಧತಿಯಲ್ಲಿ 0 ಮತ್ತು 255. ಇದು ಲಿಮಿಟೆಡ್‌ನಲ್ಲಿ ಉಳಿದರೆ ಹಸಿರು ಹೋದರೂ ಕಪ್ಪೆಲ್ಲ ಮಾಸಿದ ಹಾಗೆ ಕಾಣುತ್ತದೆ, ನೀವು ಅದನ್ನು ನೋಡಿಕೊಂಡು ಫೋಟೋ ಕಪ್ಪು ಮಾಡುತ್ತಾ ಹೋಗುತ್ತೀರಿ, ಪ್ರಿಂಟ್ ಬಂದಾಗ ಮದುಮಗನ ಕೂದಲೂ ಕೋಟೂ ಒಂದೇ ಆಗಿರುತ್ತದೆ. ಡ್ರೈವರ್ ಕ್ಲೀನ್ ಇನ್‌ಸ್ಟಾಲ್ ಮಾಡಿದಾಗ ಈ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಮತ್ತೆ ನೋಡಿಕೊಳ್ಳಿ. ಗಿರಾಕಿ ಎದುರಿಗೆ ಕೂತಿರುವಾಗ ಬಣ್ಣ ಕೆಟ್ಟರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಡಿಸ್‌ಪ್ಲೇ ಡ್ರೈವರ್ ಮಾತ್ರ ಹೊಸದಾಗಿ ಏಳುತ್ತದೆ, ತೆರೆದ ಫೈಲ್ ಮುಚ್ಚುವುದಿಲ್ಲ.

ಆ ಮೈಕ್ರೋ ಯುಎಸ್‌ಬಿ ತೂತು ಅಲಂಕಾರಕ್ಕೆ ಇರುವುದಲ್ಲ. ಎಚ್‌ಡಿಎಂಐನಲ್ಲಿ 5 ವೋಲ್ಟ್ ಇದೆ, ಆದರೆ ನಿಯಮದ ಪ್ರಕಾರ ಕಾರ್ಡ್ ಕೊಡಲೇಬೇಕಾದ್ದು 55 ಮಿಲಿ ಆಂಪಿಯರ್ ಮಾತ್ರ. ಡಿಜಿಟಲ್‌ನಿಂದ ಅನಲಾಗ್ ಮಾಡುವ ಚಿಪ್‌ಗೆ ಅದು ಸಾಲದೆ ಹೋಗಬಹುದು. ಮೋಟು ವೈರ್ ಬಿಸಾಕಿ, ಹಳೇ ಫೋನ್ ಚಾರ್ಜರ್‌ನಿಂದ ಕರೆಂಟ್ ಕೊಟ್ಟ ಮೇಲೆ ಬೆಳಗಿನ ಗಲಾಟೆ ಪೂರ್ತಿ ನಿಂತಿತು. ಈ ತೂತು ಇಲ್ಲದ ಕನ್ವರ್ಟರ್ ಐವತ್ತು ರೂಪಾಯಿ ಕಡಿಮೆಗೆ ಸಿಗುತ್ತದೆ, ತರಬೇಡಿ.

ಇನ್ನೊಂದು ವಿಷಯ. ಕಾರ್ಡ್ ಹಾಕಿದ ಮೇಲೆ ಸ್ಪೀಕರ್ ಮೂಕ ಆದರೆ ಹೆದರಬೇಡಿ, ವಿಂಡೋಸ್ ಶಬ್ದವನ್ನು ಎಚ್‌ಡಿಎಂಐ ಕಡೆ ತಿರುಗಿಸಿರುತ್ತದೆ, ಕೆಳಗಿನ ಸ್ಪೀಕರ್ ಚಿತ್ರ ಒತ್ತಿ ಬದಲಿಸಿ.

ಆಮೇಲೆ ಎಷ್ಟೋ ತಿಂಗಳು ತಂಟೆ ಇರಲಿಲ್ಲ. ಎರಡನೇ ಮಳೆಗಾಲದಲ್ಲಿ ಒಂದು ದಿನ ಸ್ಕ್ರೀನ್ ಪೂರ್ತಿ ಅರಿಶಿನ. ಈ ಸಲ ಲೋಗೋದಿಂದಲೇ, ಮಾನಿಟರ್ ಮೆನು ಮಾತ್ರ ಸರಿ. ವಿಜಿಎಯ 15 ಪಿನ್‌ನಲ್ಲಿ ಮೊದಲ ಮೂರು ಕೆಂಪು, ಹಸಿರು, ನೀಲಿ. ನೀಲಿ ತಪ್ಪಿದರೆ ಬಿಳಿ ಹಳದಿ, ಹಸಿರು ತಪ್ಪಿದರೆ ಗುಲಾಬಿ, ಕೆಂಪು ತಪ್ಪಿದರೆ ಆಕಾಶದ ಬಣ್ಣ. ಹಾಗಾಗಿ ಮೂರನೇ ಪಿನ್ನೇ ಅಂತ ಬಿಚ್ಚುವ ಮೊದಲೇ ಗೊತ್ತಿತ್ತು. ಇದರ ಸ್ಕ್ರೂ ಹಿಡಿಯುವ ನಟ್ ಎರಡೂ ಸಡಿಲ, ಕೇಬಲ್ ಭಾರಕ್ಕೆ ಕನ್ವರ್ಟರ್ ಜೋತು ಬೀಳುತ್ತದೆ. ಪಿನ್ ಒರೆಸಿ, ಬಿಗಿ ಮಾಡಿ, ಮೇಜಿನ ಕಾಲಿಗೆ ಟ್ಯಾಗ್‌ನಿಂದ ಕಟ್ಟಿದ ಮೇಲೆ ಸರಿ ಹೋಯಿತು. ಎರಡು ಸ್ಟಾರ್ ಕಡಿಮೆ ಆದದ್ದರಲ್ಲಿ ಒಂದು ಆ ಸುಳ್ಳು ಪರಿಚಯಕ್ಕೆ, ಇನ್ನೊಂದು ಈ ನಟ್‌ಗಳಿಗೆ.

ಬಣ್ಣದ ಕೆಲಸಕ್ಕೆ ಇದು ಸಾಕಾ ಅಂತ ಕೇಳಿದರೆ, ಪತ್ರಿಕೆಗೆ ಸಾಕು, ಮದುವೆ ಆಲ್ಬಂಗೆ ಬೇಡ. ತೆಳು ಅಕ್ಷರದ ಅಂಚು ಸ್ವಲ್ಪ ಮಸುಕು, ಕಡು ಬಣ್ಣದ ಕಡೆ ಅಲೆ ಅಲೆಯಾಗಿ ಕಾಣುವುದೂ ಉಂಟು. ನಿಮ್ಮ ಮಾನಿಟರ್ ಹಿಂದೆ ಡಿವಿಐ ಇದ್ದರೆ ಇದನ್ನು ಕೊಳ್ಳಲೇಬೇಡಿ, ಎಚ್‌ಡಿಎಂಐ ಟು ಡಿವಿಐ ಕೇಬಲ್ ತನ್ನಿ. ಅಲ್ಲಿ ಡಿಜಿಟಲ್ ಡಿಜಿಟಲ್ ಆಗಿಯೇ ಹೋಗುತ್ತದೆ, ಡಿವಿಐಗೆ ಟಿವಿ ಪದ್ಧತಿಯ ಬಣ್ಣ ಗೊತ್ತೇ ಇಲ್ಲ, ಆರ್‌ಜಿಬಿ ಒಂದೇ.

ವಿಜಿಎ ಬಿಟ್ಟು ಬೇರೆ ದಾರಿ ಇಲ್ಲದವರು ತನ್ನಿ, ಆದರೆ ಅಂಗಡಿಯಲ್ಲಿ ಡಬ್ಬದ ಮೇಲೆ ಬರೆದದ್ದನ್ನು ಓದಿ. ವಿಜಿಎ ಟು ಎಚ್‌ಡಿಎಂಐ ಅನ್ನುವುದೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ, ಉಲ್ಟಾ ಕೆಲಸ ಮಾಡುವುದಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯವರು ಅದನ್ನು ತಂದು ಕೂತಿದ್ದಾರೆ, ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತಾರಂತೆ.